ಹನ್ನೊಂದು ಹೆಬ್ಬೆಟ್ಟು

೨೦೦೪ರ ಆಗಸ್ಟ್ ೧೭, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಕಾಸರಕೋಡದ ಸಣ್ಣಮ್ಮ ಮೀನಿನ ಬುಟ್ಟಿಯನ್ನು ಹೊರಗಿಟ್ಟು ಹೊನ್ನಾವರ ಠಾಣೆಯೊಳಗೆ ಬಂದಳು. ಸಬ್ ಇನ್ಸ್‌ಪೆಕ್ಟರ್ ದಿನಕರ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿ ಎರಡು ಕಾಗದವಿತ್ತು. ಒಂದು ಮನೆ ಹರಾಜಿನ ನೋಟಿಸು. ಇನ್ನೊಂದು, ಅವಳು ತನ್ನ ದೂರನ್ನು ಹಿಂದಕ್ಕೆ ಪಡೆದಿದ್ದಾಳೆ ಎನ್ನುವ ಪತ್ರದ ನಕಲು.

ಪೇಟೆಯ ಖಾಸಗಿ ಫೈನಾನ್ಸಿನವರು ಮನೆ ಅಡವಿಟ್ಟುಕೊಂಡು ಸಾಲ ಕೊಟ್ಟು, ಅದರ ಅರ್ಧವನ್ನು ತಮ್ಮದೇ ಬಾಂಡಿಗೆ ಹಾಕಿಸಿದ್ದರು. ಬಾಂಡು ಬೆಳೆದು ತಾನೇ ಸಾಲ ತೀರಿಸುತ್ತದೆ ಎಂದಿದ್ದರು. ಮುಳುಗಲೂಬಹುದು ಎಂದು ಯಾರೂ ಹೇಳಿರಲಿಲ್ಲ. ಬಾಂಡು ಮುಳುಗಿತು, ಸಾಲ ಉಳಿಯಿತು. ಸಣ್ಣಮ್ಮ ಆ ಫೈನಾನ್ಸ್ ಕಚೇರಿಯಲ್ಲೇ ದೂರು ಕೊಟ್ಟಿದ್ದಳು.

"ಈ ಪತ್ರದಲ್ಲಿ ನಿಮ್ಮ ಹೆಬ್ಬೆಟ್ಟು ಇದೆಯಲ್ಲ?"

"ನಂದಲ್ಲ ಸಾಹೇಬ್ರೆ. ಸಾಕ್ಷರತೆ ಶಾಲೆಗೆ ಹೋಗಿ ಸಹಿ ಕಲ್ತವಳು ನಾನು. ಹೆಬ್ಬೆಟ್ಟು ಎಂತಕ್ಕೆ ಒತ್ತಲಿ?"

ದಿನಕರ ಪೆನ್ನು ಕೊಟ್ಟ. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಫೋರ್ಜರಿ ಮತ್ತು ಮೋಸದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಫೈನಾನ್ಸ್ ಕಚೇರಿಯಲ್ಲಿ ಪಂಚನಾಮೆ. ದೂರುಗಳನ್ನು ನೋಡಿಕೊಳ್ಳುವ ಗುಮಾಸ್ತ ನರೇಶ, ಕುಮಟೆಯವನು, ರಿಜಿಸ್ಟರ್ ತಂದಿಟ್ಟ. ಹನ್ನೊಂದು ದೂರು ಬಂದಿದ್ದವು. ಹನ್ನೊಂದನ್ನೂ ಹಿಂದಕ್ಕೆ ಪಡೆದಿದ್ದಾರೆ ಎಂದು ಬರೆದಿತ್ತು. ಹೆಡ್ ಕಾನ್ಸ್‌ಟೇಬಲ್ ಮಾಬ್ಲೇಶ್ವರ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ.

"ಸಾರ್, ಹನ್ನೊಂದು ಜನರ ಹೆಬ್ಬೆಟ್ಟಿಗೂ ಒಂದೇ ಗಾಯದ ಗೆರೆ."

ದಿನಕರ ನರೇಶನ ಕಡೆ ತಿರುಗಿದ. "ದೂರು ಬಂದರೆ ಎಂತ ಮಾಡಬೇಕು?"

"ಮೂವತ್ತು ದಿನದೊಳಗೆ ವಿಚಾರಿಸಿ ಉತ್ತರ ಕೊಡಬೇಕು."

"ಬಾಂಡು ಮಾರಿದವರು ಯಾರು?"

"ನಾನೇ."

"ವಿಚಾರಿಸಬೇಕಾದವರು?"

"ಅದೂ ನಾನೇ."

"ಮೂಲ ದೂರುಗಳು ಎಲ್ಲಿ?"

ನರೇಶ ರಿಜಿಸ್ಟರ್ ಮುಚ್ಚಿದ. ಆ ಪತ್ರಗಳ ಜೊತೆ ಕಚೇರಿಯ ಎಲ್ಲ ನೌಕರರ ಬೆರಳಚ್ಚು ಕಾರವಾರದ ತಜ್ಞರಿಗೆ ಹೋಯಿತು. ಆಗಸ್ಟ್ ೨೮ಕ್ಕೆ ವರದಿ ಬಂತು. ಪತ್ರಗಳ ಮೇಲಿದ್ದದ್ದು ನರೇಶನ ಎಡಗೈ ಹೆಬ್ಬೆರಳು.

ಅಂದೇ ಸಂಜೆ ನಾಲ್ಕಕ್ಕೆ ಕುಮಟೆಯ ಮನೆಯಲ್ಲಿ ಅವನನ್ನು ಬಂಧಿಸಿದರು. ಕಪಾಟಿನಲ್ಲಿ ಮೂಲ ದೂರುಗಳು ಸಿಕ್ಕವು, ತಾರೀಖಿನ ಪ್ರಕಾರ ಜೋಡಿಸಿ ದಾರ ಕಟ್ಟಿದ್ದವು.

"ಹರಿದು ಹಾಕಬಹುದಿತ್ತಲ್ಲ?"

"ಕೈ ಬರಲಿಲ್ಲ ಸಾರ್. ಮೊದಲನೇ ದೂರನ್ನು ಹೆಡ್ಡಾಫೀಸಿಗೆ ಕಳಿಸಿದ್ದೆ. ಮಾರಿದವ ನೀನು, ನೀನೇ ಮುಗಿಸು ಅಂತ ವಾಪಸು ಬಂತು. ಒಳ್ಳೆ ಸ್ಕೀಮು ಅಂತ ನಂಬಿಯೇ ಮಾರಿದ್ದೆ. ಆಮೇಲೆ ಜನರ ಮುಖ ನೋಡಿ ಸತ್ಯ ಹೇಳಲಿಕ್ಕಾಗಲಿಲ್ಲ."

ಹೆಡ್ಡಾಫೀಸಿನ ಆ ಪತ್ರವನ್ನೂ ದಿನಕರ ವಶಕ್ಕೆ ಪಡೆದ. ಅದನ್ನು ಬರೆದ ಮ್ಯಾನೇಜರ್ ಎರಡನೇ ಆರೋಪಿಯಾದ. ಮುಂದೆ ಕೋರ್ಟು ಸಣ್ಣಮ್ಮನ ಮನೆಯ ಹರಾಜಿಗೆ ತಡೆ ಕೊಟ್ಟಿತು.

ಆದರೆ ಆ ಸಂಜೆ ಕಪಾಟಿನಲ್ಲಿ ಸಿಕ್ಕ ಕಟ್ಟಿನಲ್ಲಿ ಹನ್ನೆರಡು ದೂರುಗಳಿದ್ದವು. ಕೊನೆಯದು ರಿಜಿಸ್ಟರಿಗೆ ಏರಿರಲಿಲ್ಲ. ಬರಹ ನರೇಶನದು, ಕೆಳಗೆ ದೇವಿ ಎಂಬ ಹೆಸರು.

"ಇದು ಯಾರದ್ದು?"

ಅಷ್ಟರಲ್ಲಿ ನರೇಶನ ತಾಯಿ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಳು. ಪೊಲೀಸರು ಯಾಕೆ ಬಂದಿದ್ದಾರೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ನಂದೇ ಅದು. ಈ ಮನೆಯನ್ನೂ ಅಡವಿಟ್ಟಿದ್ದೇವಲ್ಲ, ಇವನ ಹತ್ರವೇ ಬರೆಸಿ ಕೊಟ್ಟಿದ್ದೆ," ಎಂದಳು ದೇವಿ. "ಉತ್ತರ ಬಂತಾ ಸಾಹೇಬ್ರೆ?"