ಅಮೃತಾಳ ಸೀತನಿ

“ಸರ್, ಅಮೃತಾ ಹೋಮ್‌ವರ್ಕ್ ಮಾಡ್ಯಾಳ್ರಿ! ಆಕೀಗಿ ನೀರಡಿಕಿ ಆಗ್ಯದ್ರಿ, ಕರ್ಕೊಂಡು ಹೋಗ್ಲೇನ್ರಿ?”

ಭಾಗ್ಯಜ್ಯೋತಿ ಒಂದೇ ಉಸಿರಿಗೆ ಹೇಳಿದಳು. ದೌಲತರಾಯ ಸರ್ ಕನ್ನಡಕ ತೆಗೆದರು.

“ನಾ ಕೇಳಿದ್ದು ಅಮೃತಾಗ. ನಿನಗಲ್ಲ.”

ಅಮೃತಾ ತಲೆ ತಗ್ಗಿಸಿದಳು. ಅವಳು ಸೊಲ್ಲಾಪುರದಿಂದ ಆಳಂದಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಮರಾಠಿ. ಮೊದಲ ದಿನ ಹೇಗೋ ಎರಡು ಮಾತು ಕನ್ನಡ ಆಡಿದ್ದಳು, ಇಡೀ ನಾಲ್ಕನೇ ಕ್ಲಾಸು ನಕ್ಕುಬಿಟ್ಟಿತು. ಅಂದು ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ. ಭಾಗ್ಯಜ್ಯೋತಿಗೋ ಬಾಯಿ ಮುಚ್ಚಿ ಗೊತ್ತೇ ಇಲ್ಲ! ಗೆಳತಿಯ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು.

“ಶನಿವಾರ ಅಮೃತಾ ತಾನೇ ನಾಕು ಮಾತು ಹೇಳಬೇಕು,” ಎಂದರು ಸರ್. “ಇಲ್ಲಂದ್ರ ಎರಡನೇ ಕ್ಲಾಸಿನ್ಯಾಗ ಕೂಡಿಸ್ತೇನಿ.”

ಭಾಗ್ಯಜ್ಯೋತಿ ಗೆಳತಿಯ ಕೈ ಗಟ್ಟಿಯಾಗಿ ಹಿಡಿದಳು. ಎರಡನೇ ಕ್ಲಾಸಿನಲ್ಲಿ ಸಣ್ಣ ಸಣ್ಣ ಮಕ್ಕಳು. ಅವರ ನಡುವೆ ಅಮೃತಾ?

ಶುಕ್ರವಾರ ಸಂಜೆ ಎಂದಿನಂತೆ ಇಬ್ಬರೂ ಹೊಲಕ್ಕೆ ಹೋದರು. ಭಾಗ್ಯಜ್ಯೋತಿಯ ಅಜ್ಜಿ ಗುರಮ್ಮ ಸೀತನಿಗೆಂದು ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಡುತ್ತ, ಅಮೃತಾಳ ಜೊತೆ ಹರಟೆ ಕೊಚ್ಚುತ್ತಿದ್ದಳು.

“ಆಕೀಗಿ ತಿಳಿಯಂಗಿಲ್ಲ ಬಿಡು, ಅಜ್ಜಿ.”

“ತಿಳೀಲಿಲ್ಲಂದ್ರ ಬಿಡ್ಲಿ. ಕಿವಿ ಅವ ಅಲ್ಲ?” ಎಂದ ಅಜ್ಜಿ ಒಂದು ಕೈ ಸೊಂಟದ ಮೇಲಿಟ್ಟು ತೆನೆ ತಿರುವಿದಳು.

ಶನಿವಾರ ಬಂತು. ಅಮೃತಾಗೆ ಮೆಲ್ಲಗೆ ಹೇಳಿಕೊಡಬೇಕೆಂದು ಭಾಗ್ಯಜ್ಯೋತಿ ತಯಾರಾಗಿಯೇ ಕೂತಿದ್ದಳು.

“ಅಮೃತಾ, ನಿನ್ನೆ ಸಂಜಿಕಿ ಏನ್ ಮಾಡ್ದಿ?” ಎಂದು ಕೇಳಿದರು ಸರ್.

ಎಲ್ಲರೂ ಅಮೃತಾಳತ್ತ ತಿರುಗಿದರು. ತಡೆಯಲಾಗದೆ ಭಾಗ್ಯಜ್ಯೋತಿ ಬಾಯಿ ತೆರೆದಳು. “ಸರ್, ಆಕಿ...”

ಪಟ್ಟನೆ ಒಂದು ಕೈ ಅವಳ ಬಾಯಿ ಮುಚ್ಚಿತು. ಅಮೃತಾಳ ಕೈ!

“ಹೊಲಕ್ಕ ಹೋಗಿದ್ದೆವ್ರಿ,” ಎಂದಳು ಅಮೃತಾ. “ಸೀತನಿ ತಿಂದೆವ್ರಿ. ನಮ್ಮ ಸೊಲ್ಲಾಪುರದಾಗ ಅದಕ್ಕ ಹುರಡಾ ಅಂತಾರ್ರಿ. ಹಸಿ ತೆನಿ ಕೆಂಡದಾಗ ಸುಡಬೇಕು. ಬಿಸಿ ಇದ್ದಾಗೇ ಅಂಗೈಯಾಗ ತಿಕ್ಕಿ ಊದಬೇಕು. ಖಾರದ ಶೇಂಗಾ ಹಿಂಡಿ ಹಚ್ಕೊಂಡು ತಿನ್ನಬೇಕು...” ದನಿ ಏರಿತು. ಒಂದು ಕೈ ಸೊಂಟದ ಮೇಲೆ ಹೋಯಿತು. “ಅವಸರ ಮಾಡಬ್ಯಾಡ ನನ್ನಪ್ಪಾ, ಬಾಯಿ ಸುಟ್ಕೋತಿ!”

ಥೇಟ್ ಗುರಮ್ಮಜ್ಜಿ! ಕ್ಲಾಸು ಗೊಳ್ಳೆಂದು ನಕ್ಕಿತು. ಈ ಸಲ ಅಮೃತಾಳೂ ನಕ್ಕಳು.

“ಆಯ್ತವ್ವಾ, ಅವಸರ ಮಾಡಂಗಿಲ್ಲ,” ದೌಲತರಾಯ ಸರ್ ನಗುತ್ತ ಕಣ್ಣೊರೆಸಿಕೊಂಡರು. “ಪುಸ್ತಕದ ಕನ್ನಡ ಆಮ್ಯಾಲ ಬರ್ತದ. ಇಲ್ಲೇ ಕೂಡು, ನಾಲ್ಕನೇ ಕ್ಲಾಸಿನ್ಯಾಗ.”

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರು ಭಾಗ್ಯಜ್ಯೋತಿಯದೇ.

ಬೆಲ್ ಹೊಡೆಯಿತು. ಭಾಗ್ಯಜ್ಯೋತಿ ಎಂದಿನಂತೆ ಗೆಳತಿಯ ಕೈ ಹಿಡಿದೆಳೆದಳು. “ನಡಿ ಬೇ, ನಿನಗ ನೀರಡಿಕಿ ಆಗಿರ್ತದ.”

“ಆಗಿಲ್ಲ,” ಎಂದಳು ಅಮೃತಾ. “ದಿನಾ ನೀರಿಗೇ ಎಳ್ಕೊಂಡು ಹೋಗ್ತಿ. ನನಗ ಹಸಿವಿ ಆಗಿರ್ತದ!”

ನಾಲ್ಕು ತಿಂಗಳು ಕುಡಿಸಿದ ನೀರೆಲ್ಲ ಭಾಗ್ಯಜ್ಯೋತಿಗೆ ನೆನಪಾಯಿತು. ತನ್ನ ಡಬ್ಬಿ ತೆರೆದು ನಡುವೆ ಇಟ್ಟಳು.

“ಮತ್ತೇನ್ ಹೇಳೋದದ, ಹೇಳು,” ಎಂದು ಕಿವಿಗೊಟ್ಟು ಕೂತಳು.