ಆಡಿದವರದೇ ಖರ್ಚು

ಒಂದಾನೊಂದು ಕಾಲದಲ್ಲಿ ಕಿವುಡರಿಗೆಲ್ಲ ಪುಕ್ಕಟೆ ಕಿವಿ ಹಂಚುವ ಒಂದು ಕಂಪನಿ ಇತ್ತು. ಆ ಕಾಲ ಇನ್ನೂ ಬಂದಿಲ್ಲ; ಆದರೆ ಅದರ ವ್ಯಾಪಾರಿ ಆಗಲೇ ಹುಟ್ಟಿ ಎಲ್ಲೋ ಕೋಟು ಹೊಲಿಸಿಕೊಳ್ಳುತ್ತಿದ್ದಾನೆ.

ಕಿವಿಯೆಂದರೆ ಜೋಳದ ಕಾಳಿನಷ್ಟು ದಪ್ಪದ ಒಂದು ಮಣಿ. ಹೆಬ್ಬೆಟ್ಟಿನ ಗೆರೆಗಳಂತೆ ಪ್ರತಿಯೊಬ್ಬರ ದನಿಗೂ ಅದರದೇ ಗುರುತು ಉಂಟಲ್ಲ, ಅದನ್ನು ಹಿಡಿದು ಮಣಿ ಬೇಕಾದ ದನಿಯನ್ನು ಸಂತೆಯ ನಡುವಿನಿಂದಲೂ ಹೆಕ್ಕಿ, ತೊಳೆದು, ಕಿವಿಗೆ ಸುರಿಯುತ್ತಿತ್ತು. ಬೇಕಾದ ದನಿ ಎಂದರೆ ಯಾರಿಗೆ ಬೇಕಾದದ್ದು? ಅಲ್ಲೇ ಇತ್ತು ಕಂಪನಿಯ ಜಾಣತನ. ಕೇಳುವವರು ಏನೂ ಕೊಡಬೇಕಿಲ್ಲ. ತಮ್ಮ ಮಾತು ಕೇಳಿಸಲಿ ಎನ್ನುವವರು ಹಣ ಕಟ್ಟಬೇಕು. ‘ಆಡಿದವರದೇ ಖರ್ಚು’ ಎಂದು ಬಸ್ಸುಗಳ ಬೆನ್ನ ಮೇಲೆಲ್ಲ ಬರೆಸಿದರು. ಹೀಗಾಗಿ ಕುಕ್ಕರ್ ಮಾರುವವನ ದನಿ ಜೇನಿನಂತೆ ಕೇಳುತ್ತಿತ್ತು. ಚುನಾವಣೆಗೆ ನಿಂತವನದು ಅದಕ್ಕಿಂತ ಸಿಹಿ. ಹೆತ್ತ ಮಕ್ಕಳು ಅಗ್ಗದ ‘ಹಬ್ಬದ ಪ್ಲಾನ್’ ಹಾಕಿಸಿ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಕೇಳಿಸಿ ಕೃತಾರ್ಥರಾದರು. ಹಾಲಿನವಳು, ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ಕೂಸು, ಇವರೆಲ್ಲ ಮಣಿಯ ಪಾಲಿಗೆ ಬರೀ ಗದ್ದಲ.

ಮಣಿಯನ್ನು ಕಂಡುಹಿಡಿದವಳು ಡಾ. ಸಿಂಚನಾ ಮುನ್ನೊಳ್ಳಿ, ಬನಹಟ್ಟಿಯವಳು. ತಾಯಿಯಿಲ್ಲದ ಅವಳನ್ನು ಸಾಕಿದ ಚಿಗವ್ವ ಸುಗಲವ್ವ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದುಡಿದು ಕಿವಿ ಕಳೆದುಕೊಂಡಿದ್ದಳು. ಮಗ್ಗದ ಸದ್ದಿನಲ್ಲಿ ಮಾತು ನಡೆಯದು. ಅಲ್ಲಿನ ಹೆಂಗಸರು ತುಟಿ ನೋಡಿ, ಬೆರಳು ಆಡಿಸಿ ಹರಟುತ್ತಿದ್ದರು. ಪಕ್ಕದ ಮಗ್ಗದ ಹುಸೇನಬಿಯೊಡನೆ ಸುಗಲವ್ವ ಇವತ್ತಿಗೂ ಹಾಗೆಯೇ ಮಾತಾಡುತ್ತಿದ್ದಳು. ತುಟಿಯಿಂದ ಮಾತು ಸಿಗುತ್ತದೆ, ನಗು ಸಿಗುವುದಿಲ್ಲ. ಹುಸೇನಬಿಯ ನಗುವೋ, ಓಣಿಯ ಈ ತುದಿಯಲ್ಲಿ ಹೊರಟರೆ ಆ ತುದಿಯ ಕೋಳಿಗಳು ಹಾರುವಂಥದು. ‘ಆಕಿ ಹೆಂಗ ನಗತಿದ್ಲು, ಮರತೇನಿ’ ಎಂದು ಚಿಗವ್ವ ಒಮ್ಮೆ ಅಂದಾಗ ಒಂಬತ್ತು ವರ್ಷದ ಸಿಂಚನಾ ಮಾತು ಕೊಟ್ಟಿದ್ದಳು: ‘ನಾ ಕೇಳಸ್ತೀನಿ.’

ಮೂವತ್ತೈದು ವರ್ಷಗಳ ಮೇಲೆ ಆ ದಿನ ಬಂತು. ಬನಹಟ್ಟಿಯ ಸಮುದಾಯ ಭವನದಲ್ಲಿ ಮುನ್ನೂರು ಹಳೆಯ ನೇಕಾರರ ಕಿವಿಗೆ ಬೆಳಿಗ್ಗೆಯೇ ಮಣಿ ಇಟ್ಟಾಗಿತ್ತು. ಕೊನೆಯದನ್ನು ವೇದಿಕೆಯ ಮೇಲೆ, ಕ್ಯಾಮೆರಾಗಳೆದುರು, ಕಂಪನಿಯ ಮಾರಾಟ ಮುಖ್ಯಸ್ಥ ನಿಶಾಂತ ಸ್ವತಃ ಸುಗಲವ್ವನ ಕಿವಿಗಿಟ್ಟ.

“ಅಜ್ಜಿ, ಕೇಳಿಸ್ತಾ ಇದ್ಯಾ?”

“ಕೇಳತೈತಪಾ. ನಿಂದು ಬಾಳ ಚಂದ ಕೇಳತೈತಿ,” ಎಂದವಳೇ ಪಕ್ಕದಲ್ಲಿದ್ದ ಗೆಳತಿಯ ಕಡೆ ತಿರುಗಿದಳು. “ಹುಸೇನಾ, ನೀ ನಗು.”

“ಹೇಳಿದಾಗ ನಗಾಕ ನಾ ಏನ್ ಲಗ್ನದ ಫೋಟೋಕ್ಕ ನಿಂತೀನೇನ?” ಎಂದಳು ಹುಸೇನಬಿ.

ಸುಗಲವ್ವನ ಮುಖ ಬಾಡಿತು. “ತುಟಿ ಅಷ್ಟ ಕಾಣತಾವ, ಸಿಂಚನಾ. ದನಿ ಇಲ್ಲ.”

“ಆ ಅಜ್ಜಿ ಯಾವ ಪ್ಲಾನೂ ತಗೊಂಡಿಲ್ಲ ಮೇಡಂ,” ಎಂದ ನಿಶಾಂತ. “ನೀವೇ ಕಟ್ಟಿಬಿಡಿ. ನಗು ಬೇಕು ಅಂದ್ರೆ ಮಾತಿನ ಪ್ಲಾನ್ ಮೇಲೆ ಭಾವನೆ ಪ್ಯಾಕ್ ಹಾಕಿಸ್ಬೇಕು.”

ಪ್ರಯೋಗಾಲಯದಲ್ಲಿ ಗದ್ದಲಗಳ ಪಟ್ಟಿ ಮಾಡುವಾಗ ಮಿಕ್ಸರಿಗೂ ನಾಯಿಯ ಬೊಗಳುವಿಕೆಗೂ ನಡುವೆ ‘ನಗು’ ಎಂದು ಬರೆದವಳು ಸಿಂಚನಾಳೇ. ತಲೆ ತಗ್ಗಿಸಿ ಫೋನು ತೆಗೆದಳು. ಚಿಗವ್ವ ಅವಳ ಕೈ ಹಿಡಿದಳು.

“ಬ್ಯಾಡ. ಆಕಿ ನಕ್ಕರ ಇವ್ರಿಗ್ಯಾಕ ರೊಕ್ಕ? ಇವ್ರ ಏನ್ ಆಕಿಗೆ ಕಚಗುಳಿ ಇಟ್ಟಾರೇನ? ಕಿವಿ ಇದ್ದಾಗ ನಲವತ್ತು ಮಗ್ಗದ ಸದ್ದಿನ್ಯಾಗೂ ಆಕಿ ನಕ್ಕರ ಕೇಳತಿತ್ತು. ನಿನ್ನ ಮಣಿಗಿಂತ ಆ ಮಗ್ಗಾನ ಪಾಡ ಇದ್ವು, ಮಗಳ.”

ಸಿಂಚನಾ ಫೋನನ್ನು ಒಳಗಿಡಲಿಲ್ಲ. ಹಣ ಕಟ್ಟಿದ ದನಿ, ಕಟ್ಟದ ದನಿ ಎಂದು ಬೇರೆ ಮಾಡುವ ಬೀಗವೊಂದು ಮಣಿಗಳೊಳಗೆ ಇತ್ತು. ಅದರ ಸಂಕೇತ ಅವಳಿಗೆ ಬಾಯಿಪಾಠ. ತೆರೆದರೆ ನಾಳೆ ಕೆಲಸವಿರುವುದಿಲ್ಲ. ಅವಳು ಒಂದೊಂದೇ ಅಂಕಿ ಒತ್ತತೊಡಗಿದಳು.

ಅಷ್ಟರಲ್ಲಿ ಹುಸೇನಬಿ ನಿಶಾಂತನತ್ತ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ಮೂಗಿನ ತುದಿ ಮುಟ್ಟಿಕೊಂಡಳು. ಶೆಡ್ಡಿನ ಭಾಷೆಯಲ್ಲಿ ಅದು ‘ಕಳ್ಳ ಮಾಲೀಕ’.

“ಏನಂತಿದಾರೆ ಇವ್ರು?”

“ಆಶೀರ್ವಾದ ಮಾಡಾಕತ್ತಾಳ,” ಎಂದಳು ಸುಗಲವ್ವ, ಮುಖದ ಒಂದು ಗೆರೆಯೂ ಅಲುಗದಂತೆ.

ನಿಶಾಂತ ಪುಳಕಿತನಾದ. ಜಾಹೀರಾತಿಗೆ ಇಂಥದೇ ಒಂದು ಚಿತ್ರ ಬೇಕಿತ್ತು. ವೇದಿಕೆಯ ಅಂಚಿಗೆ ಬಂದು, ಮುನ್ನೂರು ನೇಕಾರರ ಮುಂದೆ ಬೆರಳುಗಳನ್ನು ಕತ್ತರಿಯಂತೆ ಆಡಿಸಿ, ಮೂಗು ಮುಟ್ಟಿಕೊಂಡು, ಕೊನೆಗೆ ಎದೆಯ ಮೇಲೆ ಕೈಯಿಟ್ಟು ಬಾಗಿದ. ಎದೆಯ ಮೇಲೆ ಕೈಯೆಂದರೆ ‘ಅದು ನಾನೇ’.

ಸಿಂಚನಾ ಕೊನೆಯ ಅಂಕಿ ಒತ್ತಿದಳು.

ಮಣಿಗಳ ಬೀಗ ಕಳಚಿತು. ಆಮೇಲೆ ಹುಸೇನಬಿಗೆ ತಡೆದುಕೊಳ್ಳಲಾಗಲಿಲ್ಲ. ಅವಳ ಹಿಂದೆ ಮುನ್ನೂರು ಜನಕ್ಕೂ ಆಗಲಿಲ್ಲ. ಯಾರೂ ಹಣ ಕಟ್ಟದ, ನಮ್ಮ ನಿಮ್ಮ ಕಿವಿಗೆ ಇವತ್ತೂ ಸುಮ್ಮನೆ ಬಂದು ಬೀಳುತ್ತಿರುವ ಆ ಸದ್ದು ಮಾಡಿಗೆ ಬಡಿದು ತಿರುಗಿ ಬಂತು. ಸುಗಲವ್ವ ಬೆಚ್ಚಿ ಕಿವಿ ಮುಟ್ಟಿಕೊಂಡಳು.

“ಅಯ್ಯ ನಿನ್ನ! ಇಷ್ಟು ಕೆಟ್ಟ ನಗತಿದ್ದೇನ ಹುಸೇನಾ ನೀ?” ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ನಗು, ಇನ್ನೊಮ್ಮೆ ನಗು.”