ಅಪ್ಪ ಯಾರೆಂದು ಕೇಳಿದ ಗಂಟು

"ಕತ್ತಲಿರೋವಾಗ್ಲೇ ಕದ್ದು ಮದುವೆಯಾಗ್ಬಿಡು, ಮಗಾ. ಹುಡುಗಿಯ ಸೋದರಮಾವ ಆ ಮೊರ್ವಾಲ್ ದೊರೆಗೆ ನಿನ್ನಂಥ ಅಳಿಯ ಬೇಡ. ಚರ್ಮದ ಲಾಡಿ ಹಿಡ್ಕೊಂಡು ಬರ್ತಾನೆ. ಪಾದ್ರಿ ಮಂತ್ರ ಹೇಳೋವಾಗ ಅದಕ್ಕೆ ಮಾಟದ ಗಂಟು ಹಾಕಿದ್ರೆ 'ಒಪ್ಪಿದೆ' ಅನ್ನೋಕೂ ನಾಲಗೆ ಏಳಲ್ಲ," ಎಂದಳು ಗಾಸ್ಪಾರನಿಗೆ ಹಾಲೂಡಿಸಿ ಬೆಳೆಸಿದ ದಾದಿ ಪೆರೀನ್.

ಗಾಸ್ಪಾರ್ ನಕ್ಕ. "ಹುಟ್ಟಿದ್ದೇ ಕದ್ದುಮುಚ್ಚಿ, ಅಮ್ಮಾ. ಮದುವೆನೂ ಹಾಗೇ ಆಗ್ಬೇಕಾ? ಮಟಮಟ ಮಧ್ಯಾಹ್ನವೇ ಆಗ್ತೀನಿ."

ಸತ್ತ ರಾಜನಿಗೂ ಅರಮನೆಯಲ್ಲಿ ಬಟ್ಟೆ ಒಗೆಯುವವಳಿಗೂ ಹುಟ್ಟಿದವನು ಅವನು. ಮೂಗು ರಾಜನದೇ, ಗ್ಯಾಸ್ಕನಿ ಸೀಮೆಯ ಕುಲೀನರೆಲ್ಲ ಅದನ್ನು ನೋಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಅವರಲ್ಲೊಬ್ಬ ಸಾಕ್ಷಿಗಳೆದುರು 'ರಾಜನ ಮಗ' ಎಂದರೆ ಸಾಕು, ಇಗರ್ಜಿಯ ದಫ್ತರದಲ್ಲಿ ಹಾಗೆಯೇ ಬರೆಯಬಹುದಿತ್ತು. ಗಾಸ್ಪಾರನಿಗೆ ಬೇಕಾಗಿದ್ದುದು ಅದೊಂದೇ.

ಇಗರ್ಜಿಯೊಳಗೆ ನಡುಹಗಲಲ್ಲೂ ಕತ್ತಲು. ಕರಗಿದ ಮೇಣ, ಸಾಂಬ್ರಾಣಿ, ಒದ್ದೆ ಉಣ್ಣೆಯ ವಾಸನೆ. ಪಾದ್ರಿಯ ಮಂತ್ರದ ಅಡಿಯಲ್ಲಿ ಇನ್ನೊಂದು ಮಂತ್ರ ಗುನುಗುತ್ತಿತ್ತು, ಮದುಮಗನ ಬೆನ್ನ ಹಿಂದೆಯೇ, ಮೊರ್ವಾಲ್ ದೊರೆಯ ಬಾಯಲ್ಲಿ. ಕಿರ್ರೆಂದು ಚರ್ಮ ಎಳೆಯುವ ಸದ್ದು. "ಒಗೆಯೋಳ ಮಗ ಗಾಸ್ಪಾರ್..." ಗಾಸ್ಪಾರನ ನಾಲಗೆ ತಣ್ಣಗಾಯಿತು. ಗಂಟು ಜಾರಿತು, ನಾಲಗೆಗೆ ಜೀವ ಬಂತು. ಮತ್ತೆ ಕಿರ್ರ್. ಮತ್ತೆ ಜಾರಿತು.

ಅಪ್ಪ ಯಾರೆಂದು ಹೇಳದೆ ಈ ಮಾಟ ಹಿಡಿಯುವುದಿಲ್ಲವೆಂಬುದು ಆ ಸೀಮೆಯ ಕುರುಬರಿಗೂ ಗೊತ್ತು. ಮೊರ್ವಾಲ್ ದೊರೆಗೂ ಗೊತ್ತಿತ್ತು. ರಾಜನ ಹೆಸರೆತ್ತಲು ಮರ್ಯಾದೆ ಅಡ್ಡ ಬಂದಿತ್ತು.

ಗಾಸ್ಪಾರ್ ತಿರುಗಿದ. "ಯಾರ ಮಗ ಅಂತ ಗಟ್ಟಿಯಾಗಿ ಹೇಳಿ, ದೊರೆ. ನಾಚ್ಕೆ ಯಾಕೆ?"

ಮದುಮಗಳು ಇಸಾಬೋ ಅವನ ತೋಳು ಹಿಡಿದಳು. "ಬೇಡ. ಹೇಳಿಸ್ಬೇಡ."

"ಒಂದು ಗಂಟು ಹಾಕೋಕೂ ಬರಲ್ವಾ ನಿಮ್ಗೆ?" ಎಂದ ಗಾಸ್ಪಾರ್ ದೊರೆಗೆ.

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊರೆಯ ಕುತ್ತಿಗೆ ಕೆಂಪೇರಿತು.

"ರಾಜನ ಮಗ!" ಎಂದು ಅರಚಿದ. "ನಮ್ಮ ಸತ್ತ ಮಹಾರಾಜರ ಮಗ ಗಾಸ್ಪಾರ್! ನಿನ್ನ ನಾಲಗೆ ಕಟ್ಟಿದೀನಿ!"

ಗಂಟು ಬಿತ್ತು. ಗಾಸ್ಪಾರನ ನಾಲಗೆ ಮಡಚಿಕೊಂಡಿತು. ಗಂಟಲು ಬಿಗಿಯಿತು. ಬತ್ತಿಗಳು ಒಂದೊಂದಾಗಿ ಆರಿದವು. ಉಸಿರಿಲ್ಲ. ಕತ್ತಲು. ಇಸಾಬೋ ಹಾರಿದಳು. ಲಾಡಿ ಕಸಿದಳು. ಹಲ್ಲಿನಿಂದ ಕಚ್ಚಿದಳು. ಎಳೆದಳು. ಲಾಡಿ ಹರಿಯಿತು, ಗಂಟು ಬಿಚ್ಚಲಿಲ್ಲ.

ಉಸಿರು ಬಂತು. ಮಾತು ಬರಲಿಲ್ಲ.

"ಕೇಳಿಸ್ಕೊಂಡ್ರಲ್ಲ ಪಾದ್ರಿಗಳೇ, ಬರ್ಕೊಳ್ಳಿ," ಎಂದಳು ಆಕೆ, ತುಟಿಯ ರಕ್ತ ಒರೆಸಿಕೊಳ್ಳುತ್ತ. "ರಾಜನ ಮಗ. ಸಾಕ್ಷಿ, ನಮ್ಮ ಮಾವ."

ಪಾದ್ರಿ ಒಂದು ಬತ್ತಿ ಹೊತ್ತಿಸಿ ದಫ್ತರದಲ್ಲಿ ಬರೆದ. "ಒಪ್ಪಿಗೆಯೇನಪ್ಪಾ?" ಎಂದ. ಗಾಸ್ಪಾರ್ ತಲೆಯಾಡಿಸಿ ಸಹಿ ಹಾಕಿದ. ಆಮೇಲೆ ಮೊರ್ವಾಲ್ ದೊರೆಯತ್ತ ತಿರುಗಿ, ನಗಲು ಬಾಯಿ ತೆರೆದ. ಬಾಯಿಂದ ಹಸಿ ಚರ್ಮದ ವಾಸನೆ ಬಂತು. ನಗು ಬರಲಿಲ್ಲ, ಮುಂದೆ ಬದುಕಿದ ಮೂವತ್ತೊಂದು ವರ್ಷವೂ ಮಾತಾಗಲಿ ನಗುವಾಗಲಿ ಬರಲಿಲ್ಲ.